ಫೋನ್ ಮತ್ತು ಇ-ಮೇಲ್ ವಂಚನೆ: ಗುರುತಿಸುವುದು ಹೇಗೆ, ಪಾರಾಗುವುದು ಹೇಗೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಭಕ್ತಾದಿಗಳಿಗೆ ಹಾಗೂ ಅಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮವರಿಗೆ ಒಂದು ಕೈಪಿಡಿ



2025ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಿಂದ ಬಂದ ಸುದ್ದಿ ನಾಡಿನವರೆಲ್ಲರ ಮನಸ್ಸನ್ನು ಕಲಕಿತು. ದೆಹಲಿಯ ಅಧಿಕಾರಿಗಳೆಂದು ಹೇಳಿಕೊಂಡ ಅಪರಿಚಿತರು ಅಲ್ಲಿನ ವೃದ್ಧ ದಂಪತಿಗೆ ಫೋನ್ ಮಾಡಿ, ಅವರ ಹೆಸರಿನ ಸಿಮ್ ಕಾರ್ಡ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಹೆದರಿಸಿದ್ದರು. ಹೀಗೆ ಹೆದರಿಸಿ ಕಸಿದ ಹಣ 50 ಲಕ್ಷ ರೂಪಾಯಿಗೂ ಹೆಚ್ಚು. ಉಳಿತಾಯ ಸಾಲದೆ ಬಂಗಾರ ಅಡವಿಟ್ಟು ಸಾಲ ಮಾಡಿದ್ದೂ ಆಯಿತು. ಕೊನೆಗೆ ಇಬ್ಬರೂ ಪ್ರಾಣ ಕಳೆದುಕೊಂಡರು.

ಬೀಡಿಯಿಂದ ಕಿತ್ತೂರು ದೂರವಲ್ಲ. ಕಿತ್ತೂರಿನ ಆಚೆ ಬೈಲಹೊಂಗಲ, ಸವದತ್ತಿ, ರಾಮದುರ್ಗ. ಈ ಭಾಗದ ಹಳ್ಳಿಗಳಲ್ಲಿ ಮಕ್ಕಳು ದುಡಿಮೆಗೆಂದು ಗೋವಾ, ಪುಣೆ, ಮುಂಬೈ ಸೇರಿ, ತಂದೆತಾಯಿ ಮಾತ್ರ ಊರಲ್ಲಿ ಉಳಿದ ಮನೆಗಳಿಗೆ ಕೊರತೆಯಿಲ್ಲ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳು ಧರ್ಮಗುರುಗಳಾಗಿ, ಧರ್ಮಭಗಿನಿಯರಾಗಿ ಉತ್ತರ ಕರ್ನಾಟಕದ ಶಾಲೆ, ದವಾಖಾನೆ, ವಸತಿ ನಿಲಯಗಳಲ್ಲಿ ದುಡಿಯುತ್ತಿದ್ದಾರೆ. ಆದ್ದರಿಂದ ಆ ನಾಲ್ಕು ತಾಲ್ಲೂಕುಗಳ ಸ್ಥಿತಿಗತಿಯನ್ನು ಕಣ್ಣ ಮುಂದಿಟ್ಟುಕೊಂಡು ಈ ಕೈಪಿಡಿಯನ್ನು ಸಿದ್ಧಪಡಿಸಿದ್ದೇವೆ. ಇಲ್ಲಿರುವ ಎಚ್ಚರಿಕೆಗಳು ಮಂಗಳೂರು, ಉಡುಪಿ, ಕಾರವಾರದ ಧರ್ಮಕೇಂದ್ರಗಳಿಗೂ ಅಷ್ಟೇ ಅನ್ವಯಿಸುತ್ತವೆ.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ನೀಡಿದ ಮಾಹಿತಿಯಂತೆ, 2024ರ ಒಂದೇ ವರ್ಷದಲ್ಲಿ ಸೈಬರ್ ವಂಚನೆಯಿಂದ ಭಾರತೀಯರು ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ. ಇದು ಅವಿದ್ಯಾವಂತರು ಮಾತ್ರ ಬೀಳುವ ಬಲೆಯಲ್ಲ. ನಿವೃತ್ತ ಅಧಿಕಾರಿಗಳು, ವೈದ್ಯರು, ಶಿಕ್ಷಕರು, ಬ್ಯಾಂಕಿನಲ್ಲಿ ದುಡಿದವರು ಸಹ ಇದರಲ್ಲಿ ಸಿಲುಕಿದ್ದಾರೆ.

ವೇಷ ಹಲವು, ತಂತ್ರ ಒಂದೇ

ಇಂಟರ್ನೆಟ್ ಹೊಸದಾಗಿದ್ದ ಕಾಲದಲ್ಲಿ, ನೈಜೀರಿಯಾದ ಶ್ರೀಮಂತರ ವಿಧವೆಯ ಹೆಸರಿನಲ್ಲಿ ಬರುತ್ತಿದ್ದ ಇ-ಮೇಲ್‌ಗಳು ಹಲವರಿಗೆ ನೆನಪಿರಬಹುದು. ಕೋಟ್ಯಂತರ ಡಾಲರ್ ಹಣವಿದೆ, ನಿಮ್ಮ ಖಾತೆಗೆ ಕಳುಹಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂಬುದೇ ಅವುಗಳ ಸಾರ. ಆ ದೇಶದ ದಂಡಸಂಹಿತೆಯ ಸೆಕ್ಷನ್ ಸಂಖ್ಯೆಯಿಂದಾಗಿ ಅವಕ್ಕೆ '419' ಎಂಬ ಹೆಸರೇ ಬಿತ್ತು. ಅಂದಿನ ಲಾಟರಿ ಪತ್ರ ಇಂದು ವಾಟ್ಸ್‌ಆ್ಯಪ್ ವಿಡಿಯೋ ಕರೆಯಾಗಿದೆ. ಆದರೆ ಒಳಗಿನ ತಂತ್ರ ಬದಲಾಗಿಲ್ಲ. ಪ್ರತಿಯೊಂದು ವಂಚನೆಯಲ್ಲೂ ಮೂರು ಸಂಗತಿಗಳು ಇದ್ದೇ ಇರುತ್ತವೆ.

ಒಂದು: ಭಯ, ಆಸೆ ಅಥವಾ ಕರುಣೆ. 'ನಿಮ್ಮನ್ನು ಬಂಧಿಸುತ್ತೇವೆ', 'ನಿಮಗೆ ಬಹುಮಾನ ಬಂದಿದೆ', 'ನಿಮ್ಮ ಮಗನಿಗೆ ಅಪಘಾತವಾಗಿದೆ' ಎಂಬ ಮಾತಿನಿಂದ ಮನಸ್ಸನ್ನು ಅಲುಗಾಡಿಸುತ್ತಾರೆ.

ಎರಡು: ಅವಸರ. 'ಈಗಲೇ', 'ಇನ್ನು ಅರ್ಧ ಗಂಟೆಯೊಳಗೆ', 'ಇವತ್ತೇ ಕೊನೆಯ ದಿನ' ಎನ್ನುತ್ತಾರೆ. ಯೋಚಿಸಲು ಸಮಯ ಕೊಡುವುದಿಲ್ಲ.

ಮೂರು: ಗುಟ್ಟು. 'ಯಾರಿಗೂ ಹೇಳಬೇಡಿ, ಹೇಳಿದರೆ ಅವರ ಮೇಲೂ ಕೇಸು ಬೀಳುತ್ತದೆ' ಎನ್ನುತ್ತಾರೆ.

ಈ ಮೂರರಲ್ಲಿ ಮೂರನೆಯದೇ ಅತಿ ಮುಖ್ಯ. ಮನೆಯವರೊಬ್ಬರು, ನೆರೆಯವರೊಬ್ಬರು, ಧರ್ಮಗುರುಗಳು ಅಥವಾ ಸಿಸ್ಟರ್ ಒಬ್ಬರು ಪಕ್ಕದಲ್ಲಿದ್ದರೆ ಮೋಸ ಐದು ನಿಮಿಷವೂ ನಿಲ್ಲುವುದಿಲ್ಲ. ವಂಚಕನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವನು ಮೊದಲು ನಮ್ಮನ್ನು ಒಂಟಿಯಾಗಿಸುತ್ತಾನೆ, ಆಮೇಲೆ ಹಣ ಕೇಳುತ್ತಾನೆ. ಹೀಗಾಗಿ ನಮ್ಮ ಮೊದಲ ನಿಯಮ: ಫೋನಿನಲ್ಲಿ ಯಾರಾದರೂ ಹಣ ಕೇಳಿ, 'ಯಾರಿಗೂ ಹೇಳಬೇಡಿ' ಎಂದರೆ, ಫೋನ್ ಇಟ್ಟು ಕೂಡಲೇ ಒಬ್ಬರಿಗಾದರೂ ಹೇಳಬೇಕು.

'ಡಿಜಿಟಲ್ ಅರೆಸ್ಟ್' ಎಂಬುದು ಕಾನೂನಿನಲ್ಲೇ ಇಲ್ಲ

ಈ ವಂಚನೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಟೆಲಿಕಾಂ ಇಲಾಖೆ ಅಥವಾ ಕೊರಿಯರ್ ಕಂಪನಿಯ ಹೆಸರಿನಲ್ಲಿ ಮೊದಲ ಕರೆ ಬರುತ್ತದೆ. ನಿಮ್ಮ ಸಿಮ್‌ನಿಂದ ಅಶ್ಲೀಲ ಸಂದೇಶ ಹೋಗಿದೆ, ನಿಮ್ಮ ಆಧಾರ್ ಬಳಸಿ ಮುಂಬೈಯಲ್ಲಿ ಖಾತೆ ತೆರೆದಿದ್ದಾರೆ, ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತಾರೆ. ಅಲ್ಲಿಂದ ಕರೆಯನ್ನು 'ಪೊಲೀಸ್ ಅಧಿಕಾರಿ'ಗೆ ವರ್ಗಾಯಿಸುತ್ತಾರೆ. ವಿಡಿಯೋದಲ್ಲಿ ಸಮವಸ್ತ್ರ ತೊಟ್ಟವನು, ಹಿಂದೆ ಠಾಣೆಯಂತೆ ಕಾಣುವ ಕೋಣೆ. ವಾಟ್ಸ್‌ಆ್ಯಪ್‌ಗೆ ಸುಪ್ರೀಂ ಕೋರ್ಟ್, ಸಿಬಿಐ, ಇ.ಡಿ. ಮುದ್ರೆಯಿರುವ ನಕಲಿ ಪತ್ರ ಬರುತ್ತದೆ. ಕ್ಯಾಮೆರಾ ಮುಂದಿನಿಂದ ಏಳಬಾರದು ಎಂಬ ಆಜ್ಞೆಯಾಗುತ್ತದೆ. ಕೊನೆಗೆ 'ತನಿಖೆ ಮುಗಿಯುವವರೆಗೆ ನಿಮ್ಮ ಹಣವನ್ನು ಸರ್ಕಾರಿ ಖಾತೆಗೆ ಹಾಕಿ, ನಿರಪರಾಧಿಯೆಂದು ಗೊತ್ತಾದ ಮೇಲೆ ವಾಪಸ್ ಬರುತ್ತದೆ' ಎನ್ನುತ್ತಾರೆ. ಆ 'ಸರ್ಕಾರಿ ಖಾತೆ' ವಂಚಕರದೇ.

2024ರ ಅಕ್ಟೋಬರ್ 27ರ 'ಮನ್ ಕಿ ಬಾತ್' ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಇಂಥದೊಂದು ಕರೆಯ ಮಾತುಕತೆಯನ್ನು ದೇಶಕ್ಕೆ ಕೇಳಿಸಿದರು. ಅದು ನಮ್ಮ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದಿದ್ದ ಕರೆ. 'ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ' ಎಂಬ ಮೂರು ಹೆಜ್ಜೆಗಳನ್ನು ಅಂದು ಅವರು ಹೇಳಿದರು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಪ್ರತಿಯೊಬ್ಬರೂ ನೆನಪಿಡಬೇಕಾದ ವಿಷಯಗಳಿವು. ಭಾರತದ ಯಾವ ಕಾನೂನಿನಲ್ಲೂ ವಿಡಿಯೋ ಕರೆಯ ಮೂಲಕ ಬಂಧಿಸುವ ಕ್ರಮವಿಲ್ಲ. ಪೊಲೀಸರು ಬಂಧಿಸುವುದಾದರೆ ಎದುರಿಗೆ ಬಂದೇ ಬಂಧಿಸಬೇಕು. ವಿಚಾರಣೆಗೆ ಹಾಜರಾಗುವಂತೆ ಆರೋಪಿಗೆ ಕೊಡುವ ಪೊಲೀಸ್ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಯಾವ ಪೊಲೀಸರೂ, ಯಾವ ನ್ಯಾಯಾಲಯವೂ 'ಪರಿಶೀಲನೆಗಾಗಿ' ಹಣ ವರ್ಗಾಯಿಸಿ ಎಂದು ಹೇಳುವುದಿಲ್ಲ. ಅನುಮಾನವಿದ್ದರೆ ಫೋನ್ ಕಡಿತಗೊಳಿಸಿ ನಿಮ್ಮೂರ ಠಾಣೆಗೆ ನಡೆದು ಹೋಗಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆ ಪೊಲೀಸ್ ಠಾಣೆ ಇದೆ. ಕರೆ ಕತ್ತರಿಸಿದ ಕಾರಣಕ್ಕೆ ಯಾರ ಮೇಲೂ ಕೇಸಾಗುವುದಿಲ್ಲ.

ರೈತರಿಗೆ, ಗೃಹಿಣಿಯರಿಗೆ: ಯೋಜನೆಯ ಹೆಸರಿನ ಮೋಸ

ಹತ್ತಿ, ಕಬ್ಬು, ಜೋಳ ಬೆಳೆಯುವ ಈ ಭಾಗದ ಮನೆಗಳಿಗೆ ಪಿಎಂ-ಕಿಸಾನ್ ಯೋಜನೆಯ ಕಂತು, ಗೃಹಲಕ್ಷ್ಮಿಯ 2,000 ರೂಪಾಯಿ, ವಿಧವಾ ವೇತನ, ಸಂಧ್ಯಾ ಸುರಕ್ಷಾ ಹಣ ಬರುತ್ತವೆ. ಕಂತು ತಡವಾದಾಗ ಕಾತರದಿಂದ ಕಾಯುವುದು ಸಹಜ. ಆ ಕಾತರವನ್ನೇ ವಂಚಕರು ಬಳಸಿಕೊಳ್ಳುತ್ತಾರೆ. 'ಕೆವೈಸಿ ಆಗಿಲ್ಲ, ಈ ಲಿಂಕ್ ಒತ್ತಿ' ಎಂಬ ಸಂದೇಶ ಬರುತ್ತದೆ. ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ 'ಎಪಿಕೆ' ಎಂಬ ಬಾಲವಿರುವ ಫೈಲ್ ಬರುತ್ತದೆ. ಅದಕ್ಕೆ ಪಿಎಂ ಕಿಸಾನ್, ಆರ್‌ಟಿಒ ದಂಡ, ಮದುವೆಯ ಕರೆಯೋಲೆ ಎಂಬಂಥ ಹೆಸರಿಟ್ಟಿರುತ್ತಾರೆ. ಅದನ್ನು ಒತ್ತಿ ಫೋನಿಗೆ ಸೇರಿಸಿಕೊಂಡರೆ, ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶಗಳನ್ನೆಲ್ಲ ಅದು ಕದ್ದು ವಂಚಕನಿಗೆ ಕಳುಹಿಸುತ್ತದೆ. ಕೆಲವೊಮ್ಮೆ ಅದೇ ಫೈಲ್ ನಿಮ್ಮ ನಂಬರಿನಿಂದಲೇ ಕುಟುಂಬದ, ವಾಳೆಯ, ಸಂಘದ ಗುಂಪುಗಳಿಗೆಲ್ಲ ಹೋಗುತ್ತದೆ. ಆದ್ದರಿಂದ ಪರಿಚಯದವರಿಂದ ಬಂದಿದೆ ಎಂಬ ಕಾರಣಕ್ಕೆ ಯಾವ ಎಪಿಕೆ ಫೈಲನ್ನೂ ತೆರೆಯಬೇಡಿ. ಕೆವೈಸಿ ಮಾಡಿಸಬೇಕಿದ್ದರೆ ಬ್ಯಾಂಕಿಗೆ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಮಾಡಿಸಿ.

ಒಂದು ವೇಳೆ ಅಂಥ ಫೈಲ್ ತೆರೆದಿದ್ದರೆ, ತಕ್ಷಣ ಫೋನಿನ ಇಂಟರ್ನೆಟ್ ಆರಿಸಿ, ಬೇರೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಿರಿ. ಆಮೇಲೆ ಫೋನನ್ನು ಬಲ್ಲವರಿಂದ ಪೂರ್ತಿ ಅಳಿಸಿ ಸರಿಪಡಿಸಿಕೊಳ್ಳಿ.

ಇನ್ನೊಂದು ವಿಷಯ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಯಿತು. ಬ್ಯಾಂಕುಗಳು ವಿಲೀನವಾದಾಗ ಹೆಸರು, ಪಾಸ್‌ಬುಕ್, ಕೋಡ್ ಬದಲಾಗುತ್ತವೆ, ಗ್ರಾಹಕರಲ್ಲಿ ಗೊಂದಲವಿರುತ್ತದೆ. ಇಂಥ ಗೊಂದಲದ ಹೊತ್ತಿನಲ್ಲಿ 'ಬ್ಯಾಂಕಿನಿಂದ ಮಾತಾಡ್ತಿದ್ದೇವ್ರಿ' ಎಂದು ಬರುವ ಯಾವ ಕರೆಗೂ ಖಾತೆಯ ವಿವರ ಕೊಡಬಾರದು. ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಬೇಕು.

ಯುಪಿಐ: ಹಣ ಬರಲು ಪಿನ್ ಬೇಕಿಲ್ಲ

ಫೋನ್‌ಪೇ, ಗೂಗಲ್ ಪೇ ಮುಂತಾದವುಗಳಲ್ಲಿ ಪಿನ್ ಒತ್ತುವುದು ನಮ್ಮ ಹಣ ಹೊರಗೆ ಹೋಗುವುದಕ್ಕೆ ಅಥವಾ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ. ಹಣ ನಮಗೆ ಬರುವುದಕ್ಕೆ ಪಿನ್ ಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. 'ನಿಮಗೆ ಹಣ ಕಳಿಸ್ತೀನಿ, ಪಿನ್ ಹಾಕಿ' ಎಂದವನು ಕಳ್ಳನೇ.

'ತಪ್ಪಿ ನಿಮ್ಮ ಖಾತೆಗೆ ಹಣ ಹಾಕಿದೆ, ವಾಪಸ್ ಕಳಿಸಿ' ಎಂಬ ಕರೆಯೂ ಬರುತ್ತದೆ. ಹಣ ಬಂದಂತೆ ತೋರುವ ನಕಲಿ ಸಂದೇಶವನ್ನು ಅವರೇ ಕಳುಹಿಸಿರುತ್ತಾರೆ. ಸಂದೇಶ ನಂಬದೆ ಖಾತೆಯನ್ನೇ ತೆರೆದು ನೋಡಿ. ನಿಜವಾಗಿಯೂ ಹಣ ಬಂದಿದ್ದರೆ ಬ್ಯಾಂಕಿನ ಮೂಲಕವೇ ಹಿಂದಿರುಗಿಸಿ.

ಕೊರಿಯರ್‌ನವನೆಂದು ಹೇಳಿ ನಕ್ಷತ್ರ ಚಿಹ್ನೆ, 21, ಇನ್ನೊಂದು ಫೋನ್ ನಂಬರ್ ಒತ್ತಿಸುವ ಮೋಸವೂ ಇದೆ. ಅದರಿಂದ ನಿಮ್ಮ ಕರೆಗಳೆಲ್ಲ ವಂಚಕನ ಫೋನಿಗೆ ಹೋಗುತ್ತವೆ. ##002# ಒತ್ತಿ ಕರೆ ಮಾಡಿದರೆ ಈ ವರ್ಗಾವಣೆ ರದ್ದಾಗುತ್ತದೆ. ಹಾಗೆಯೇ ನಿಮ್ಮ ಫೋನಿನ ಪರದೆಯನ್ನು ದೂರದಿಂದಲೇ ನೋಡಬಲ್ಲ ಎನಿಡೆಸ್ಕ್‌ನಂಥ ಆ್ಯಪ್‌ಗಳನ್ನು ಅಪರಿಚಿತರ ಮಾತು ಕೇಳಿ ಹಾಕಿಕೊಳ್ಳಬೇಡಿ.

ಗುರುಗಳ ಹೆಸರಿನಲ್ಲಿ ಬರುವ ಸಂದೇಶ

ವಂಚಕರಿಗೆ ಚರ್ಚ್ ಒಂದು ಅನುಕೂಲದ ಜಾಗ. ಧರ್ಮಗುರುಗಳ ಹೆಸರು, ಭಾವಚಿತ್ರ, ಫೋನ್ ನಂಬರ್ ಎಲ್ಲರಿಗೂ ಸಿಗುತ್ತದೆ. ಗುರುಗಳು ಕೇಳಿದರೆ ಜನ ಇಲ್ಲ ಎನ್ನುವುದಿಲ್ಲ. ಅಮೆರಿಕದಲ್ಲಿ ಪಾದ್ರಿಗಳ ಹೆಸರಿನಲ್ಲಿ ಭಕ್ತರಿಗೆ ಇ-ಮೇಲ್ ಕಳುಹಿಸಿ, 'ರೋಗಿಗಳಿಗೆ ಕೊಡಲು ಗಿಫ್ಟ್ ಕಾರ್ಡ್ ಬೇಕು, ನಾನು ಮೀಟಿಂಗ್‌ನಲ್ಲಿದ್ದೇನೆ, ಕರೆ ಮಾಡಬೇಡಿ' ಎಂದು ಕೇಳುವ ಮೋಸ ಹೆಚ್ಚಾದಾಗ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಬೇಕಾಯಿತು. ಧರ್ಮಾಧ್ಯಕ್ಷರ ಅಥವಾ ಧರ್ಮಗುರುಗಳ ಚಿತ್ರ ಹಾಕಿಕೊಂಡ ಹೊಸ ನಂಬರಿನಿಂದ 'ತುರ್ತಾಗಿ ಹಣ ಬೇಕು' ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅದೂ ಇದೇ ಜಾತಿಯದು.

ಪರೀಕ್ಷಿಸುವುದು ಸುಲಭ. ಇ-ಮೇಲ್‌ನಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಆ ಹೆಸರನ್ನು ಒತ್ತಿದರೆ ಅದರ ಹಿಂದಿನ ನಿಜವಾದ ವಿಳಾಸ ಕಾಣುತ್ತದೆ. ಅದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಉತ್ತರಿಸಬೇಡಿ. ಆಮೇಲೆ ನಿಮ್ಮಲ್ಲಿ ಮೊದಲಿನಿಂದ ಇರುವ ಹಳೆಯ ನಂಬರಿಗೆ ಕರೆ ಮಾಡಿ, 'ಫಾದರ್, ಇದು ನೀವೇ ಕಳಿಸಿದ್ದಾ?' ಎಂದು ಕೇಳಿ. ಹೀಗೆ ಕೇಳಿದರೆ ಯಾವ ಗುರುಗಳೂ ಬೇಸರಪಡುವುದಿಲ್ಲ. ಪಡಬಾರದು ಕೂಡ.

ಬ್ಯಾಂಕುಗಳ ಜಾಲತಾಣ ಗುರುತಿಸಲು ಈಗ ಒಂದು ದಾರಿಯಿದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವಂತೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಬ್ಯಾಂಕಿನ ಹೆಸರಿದ್ದೂ ವಿಳಾಸ ಬೇರೆ ರೀತಿ ಮುಗಿಯುತ್ತಿದ್ದರೆ ಪಾಸ್‌ವರ್ಡ್ ಹಾಕುವ ಮುನ್ನ ಶಾಖೆಯಲ್ಲಿ ವಿಚಾರಿಸಿ.

ಧರ್ಮಕೇಂದ್ರದ ಕಚೇರಿ, ಶಾಲೆ, ಸಂಸ್ಥೆಗಳಿಗೆ

2019ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಬ್ರನ್ಸ್‌ವಿಕ್‌ನ ಸಂತ ಆಂಬ್ರೋಸ್ ಧರ್ಮಕೇಂದ್ರ ಚರ್ಚ್ ದುರಸ್ತಿಗೆಂದಿಟ್ಟ 17.5 ಲಕ್ಷ ಡಾಲರ್ ಕಳೆದುಕೊಂಡಿತು. ಕಚೇರಿಯ ಇ-ಮೇಲ್ ಖಾತೆಗಳಿಗೆ ನುಗ್ಗಿದ ವಂಚಕರು, ಗುತ್ತಿಗೆದಾರರ ಬ್ಯಾಂಕ್ ಖಾತೆ ಬದಲಾಗಿದೆ ಎಂದು ನಂಬಿಸಿದ್ದರು. ಕಚೇರಿ ಎಂದಿನಂತೆ ಹಣ ಕಟ್ಟಿತು, ಹಣ ಬೇರೆಲ್ಲಿಗೋ ಹೋಯಿತು. ಗುತ್ತಿಗೆದಾರರು 'ಎರಡು ತಿಂಗಳಿಂದ ಹಣ ಬಂದಿಲ್ಲ' ಎಂದು ಕೇಳಿದಾಗಲೇ ವಿಷಯ ಹೊರಬಿತ್ತು. ನಮ್ಮಲ್ಲಿ ಚರ್ಚ್ ಕಟ್ಟಡ, ಶಾಲೆಯ ಕೋಣೆ, ಸಭಾಭವನದ ಕೆಲಸ ನಡೆಯುವಲ್ಲೆಲ್ಲ ಇದು ಪಾಠವಾಗಬೇಕು.

1. ಗುತ್ತಿಗೆದಾರರ ಅಥವಾ ಅಂಗಡಿಯವರ ಖಾತೆ ಬದಲಾಗಿದೆ ಎಂಬ ಪತ್ರ ಬಂದರೆ, ಹಳೆಯ ನಂಬರಿಗೆ ಕರೆ ಮಾಡಿ ಅವರ ಬಾಯಿಂದಲೇ ಖಚಿತಪಡಿಸಿಕೊಳ್ಳಿ.

2. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಇರಲಿ. ಧರ್ಮಗುರುಗಳ ಜೊತೆ ಪಾಲನಾ ಮಂಡಳಿಯ ಅಥವಾ ಹಣಕಾಸು ಸಮಿತಿಯ ಒಬ್ಬರು ನೋಡಲಿ.

3. ಕಚೇರಿಯ ಇ-ಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿಸಿ. ಪಾಸ್‌ವರ್ಡನ್ನು ಮೇಜಿನ ಮೇಲೆ ಬರೆದಿಡಬೇಡಿ.

4. ಕಾಣಿಕೆಗೆ ಇಟ್ಟ ಕ್ಯೂಆರ್ ಕೋಡನ್ನು ಪ್ರತಿ ಭಾನುವಾರ ಬಲಿಪೂಜೆಗೆ ಮುಂಚೆ ಒಮ್ಮೆ ಸ್ಕ್ಯಾನ್ ಮಾಡಿ, ಚರ್ಚಿನ ಹೆಸರೇ ಬರುತ್ತದೆಯೇ ನೋಡಿ. ಮೇಲೆ ಬೇರೆ ಚೀಟಿ ಅಂಟಿಸುವವರಿದ್ದಾರೆ.

5. 'ನಿಮ್ಮ ಅನಾಥಾಶ್ರಮಕ್ಕೆ ವಿದೇಶದಿಂದ ದೊಡ್ಡ ದೇಣಿಗೆ ಬಂದಿದೆ, ಕಸ್ಟಮ್ಸ್ ಶುಲ್ಕ ಕಟ್ಟಿ' ಎಂಬ ಇ-ಮೇಲ್ ಮೋಸದ್ದು. ವಿದೇಶಿ ದೇಣಿಗೆಯನ್ನು ಎಫ್‌ಸಿಆರ್‌ಎ ಅನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ನಂತರ ಅದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬೇರೆ ದಾರಿಯಲ್ಲಿ ಬಂದ ಹಣ ನಿಜವಾಗಿದ್ದರೂ ತೊಂದರೆಯೇ.

ಯುವಜನರಿಗೆ ಒಂದು ಮಾತು

ವಂಚಕರೆಲ್ಲ ದೂರದಲ್ಲಿದ್ದಾರೆ ಎಂದುಕೊಳ್ಳಬೇಡಿ. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲೇ, ಅಮೆರಿಕದ ನಾಗರಿಕರಿಗೆ ಕರೆ ಮಾಡಿ ಮೋಸ ಮಾಡುತ್ತಿದ್ದ ನಕಲಿ ಕಾಲ್ ಸೆಂಟರ್ ಮೇಲೆ ಪೊಲೀಸರು ದಾಳಿ ಮಾಡಿ 33 ಮಂದಿಯನ್ನು ಬಂಧಿಸಿದರು. ಸಂಬಳದ ಆಸೆಗೆ ಇಂಥ ಕೆಲಸಕ್ಕೆ ಸೇರಿದವರೂ ಅಪರಾಧಿಗಳೇ ಆಗುತ್ತಾರೆ.

ಕಾಲೇಜು ವಿದ್ಯಾರ್ಥಿಗಳಿಗೆ 'ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ' ಎನ್ನುವವರಿದ್ದಾರೆ. ಯಾರೋ ಅಜ್ಜ-ಅಜ್ಜಿಯಿಂದ ಕಸಿದ ಹಣ ಮೊದಲು ಬಂದು ಬೀಳುವುದು ಇಂಥ ಬಾಡಿಗೆ ಖಾತೆಗಳಿಗೇ. ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದೂ ಆ ಖಾತೆದಾರನ ಮನೆಗೇ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಕರೆದೊಯ್ದು, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಿದ ಭಾರತೀಯ ಯುವಕರನ್ನು ಸರ್ಕಾರ ಬಿಡಿಸಿ ತಂದಿದೆ. ವಿದೇಶಿ ಕೆಲಸಕ್ಕೆ ಹೊರಡುವ ಮುನ್ನ ಏಜೆಂಟರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಣಿಯಾದವರೇ ಎಂದು ನೋಡಿಕೊಳ್ಳಿ.

ಹಣ ಹೋದರೆ ಏನು ಮಾಡಬೇಕು?

ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ನಿಮ್ಮ ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಸಿದ್ಧವಾಗಿರಲಿ. ಅವರು ಹಣ ತಲುಪಿದ ಬ್ಯಾಂಕಿಗೆ ಸೂಚನೆ ಕಳುಹಿಸುತ್ತಾರೆ. ಹಣ ಇನ್ನೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲಾಗುತ್ತದೆ. ವಂಚಕರು ಹಣವನ್ನು ಬೇಗಬೇಗನೆ ಒಂದರಿಂದ ಇನ್ನೊಂದು ಖಾತೆಗೆ ಸಾಗಿಸುವುದರಿಂದ ಮೊದಲ ಒಂದೆರಡು ಗಂಟೆ ಬಹಳ ಅಮೂಲ್ಯ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ನಾಳೆ ಬಸ್ ಹಿಡಿದು ಹೋಗಿ ದೂರು ಕೊಡೋಣ ಎಂದು ಕಾಯಬೇಡಿ. ಮೊದಲು 1930, ಆಮೇಲೆ ಉಳಿದದ್ದು.

ಎರಡನೆಯದಾಗಿ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮದ ತತ್ವ ಇದು: ಗ್ರಾಹಕ ತಾನೇ ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು.

ಮೂರನೆಯದಾಗಿ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಿ. ಸಂದೇಶ, ಕರೆಯ ದಾಖಲೆ, ರಸೀದಿ ಯಾವುದನ್ನೂ ಅಳಿಸಬೇಡಿ. ಹಣ ಹೋಗದಿದ್ದರೂ ಸಂಶಯಾಸ್ಪದ ಕರೆ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು.

ಕೊನೆಯ ಎಚ್ಚರಿಕೆ: 'ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ' ಎಂದು ಆಮೇಲೆ ಬರುವ ಕರೆ ಎರಡನೆಯ ಮೋಸ.

ಮೋಸ ಹೋದವರನ್ನು ಬರಮಾಡಿಕೊಳ್ಳುವುದು

ಹಣ ಹೋದ ನೋವಿಗಿಂತ ನಾಚಿಕೆ ದೊಡ್ಡದು. 'ಇಷ್ಟು ಓದಿದವರು, ಇದೂ ಗೊತ್ತಾಗಲಿಲ್ಲವೇ?' ಎಂಬ ಒಂದು ಮಾತು ಸಾಕು, ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ವಂಚಕ ಹೇಳಿದ 'ಯಾರಿಗೂ ಹೇಳಬೇಡಿ' ಎಂಬ ಮಾತನ್ನು ಆಗ ನಾವೇ ಮುಂದುವರಿಸಿದಂತಾಗುತ್ತದೆ. ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದಿದ್ದವನನ್ನು ಕಂಡ ಸಮಾರಿಯದವನು, ನೀನೇಕೆ ಒಬ್ಬನೇ ಈ ದಾರಿಯಲ್ಲಿ ಬಂದೆ ಎಂದು ಕೇಳಲಿಲ್ಲ. ಗಾಯ ಕಟ್ಟಿದ, ಛತ್ರಕ್ಕೆ ಒಯ್ದ.

ಆದ್ದರಿಂದ ಧರ್ಮಗುರುಗಳಲ್ಲಿ, ಧರ್ಮಭಗಿನಿಯರಲ್ಲಿ, ವಾಳೆಯ ಗುರಿಕಾರರಲ್ಲಿ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರಲ್ಲಿ ನಮ್ಮ ವಿನಂತಿ: ಒಂಟಿಯಾಗಿರುವ ಹಿರಿಯರ ಮನೆಗೆ ಹೋದಾಗ ಆರೋಗ್ಯ ವಿಚಾರಿಸುವಂತೆ, 'ಅಜ್ಜಾ, ಹೆದರಿಸೋ ಫೋನ್ ಏನಾದ್ರೂ ಬಂದಿತ್ತೇನ್ರಿ?' ಎಂದೂ ಕೇಳಿ. ಇದ್ದಕ್ಕಿದ್ದಂತೆ ಠೇವಣಿ ಮುರಿಸುವುದು, ಬಂಗಾರ ಅಡವಿಡುವುದು, ಸದಾ ಬಾಗಿಲು ಹಾಕಿಕೊಂಡು ಫೋನಿನಲ್ಲಿರುವುದು, ಪೂಜೆಗೆ ಬರುವುದನ್ನು ನಿಲ್ಲಿಸುವುದು ಕಂಡರೆ ಅಂದೇ ಮನೆಗೆ ಹೋಗಿ. ಯಾರಾದರೂ ಬದುಕಿನಲ್ಲಿ ಆಸೆ ಕಳೆದುಕೊಂಡಂತೆ ಮಾತಾಡಿದರೆ ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ.

ಚರ್ಚಿನ ಸೂಚನಾ ಫಲಕಕ್ಕೆ

1. ಫೋನಿನಲ್ಲಿ ಬಂಧನವಿಲ್ಲ. ಹೆದರಬೇಡಿ, ಕರೆ ಕತ್ತರಿಸಿ.
2. ಒಟಿಪಿ, ಪಿನ್ ಯಾರಿಗೂ ಹೇಳಬೇಡಿ.
3. ಹಣ ಬರಲು ಪಿನ್ ಬೇಕಿಲ್ಲ.
4. ಎಪಿಕೆ ಫೈಲ್ ತೆರೆಯಬೇಡಿ.
5. ಗುರುಗಳ ಹೆಸರಿನಲ್ಲಿ ಹಣ ಕೇಳಿದರೆ ಹಳೆಯ ನಂಬರಿಗೆ ಕರೆ ಮಾಡಿ ವಿಚಾರಿಸಿ.
6. 'ಯಾರಿಗೂ ಹೇಳಬೇಡಿ' ಎಂದರೆ ಕೂಡಲೇ ಒಬ್ಬರಿಗೆ ಹೇಳಿ.
7. ಹಣ ಹೋದರೆ ತಕ್ಷಣ 1930.

ಈ ಏಳು ಸಾಲುಗಳನ್ನು ಮುಂದಿನ ಭಾನುವಾರ ಬಲಿಪೂಜೆಯ ನಂತರದ ಪ್ರಕಟಣೆಗಳಲ್ಲಿ ಓದಿ ಹೇಳಬೇಕೆಂದು ಎಲ್ಲ ಧರ್ಮಕೇಂದ್ರಗಳನ್ನು ಕೋರುತ್ತೇವೆ. ಮೊಬೈಲ್‌ನಲ್ಲಿ ಓದಲಾರದ ಹಿರಿಯರಿಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಫೋನ್ ಇಡುವ ಜಾಗದ ಪಕ್ಕದ ಗೋಡೆಗೆ ಅದನ್ನು ಅಂಟಿಸಿ, ಕೆಳಗೆ ಮಗನ, ಮಗಳ ಅಥವಾ ನೆರೆಮನೆಯವರ ನಂಬರ್ ಬರೆದಿಡಿ.

ದೇವರು ನಮ್ಮ ಎಲ್ಲ ಮನೆಗಳನ್ನು ಕಾಪಾಡಲಿ.

- ಸಂಪಾದಕರು